ಕಂಪೌಂಡರ್ ಸಾ

ಹೋದ ತಿಂಗಳು ತಂಗಿಯ ನಿಶ್ಚಯಕ್ಕೆ ಊರಿಗೆ ಹೋಗಿದ್ದೆ. ಹಾವೇರಿ ಕಡೆ ನಮ್ಮದು. ಬೀಗರ ಕಡೆಯ ಹಿರಿಯರೊಬ್ಬರು ಎಲೆಗೆ ಸುಣ್ಣ ಹಚ್ಚುತ್ತಾ, "ಏನ್ ಮಾಡ್ತೀಯಪಾ ತಮ್ಮಾ?" ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಕಾಕಾ, "ಸೆಂಟ್ರಲ್ ಗೌರ್ಮೆಂಟ್‌ನ್ಯಾಗ ಆಫೀಸರ್ ಅದಾನ್ರೀ, ರಾಜಸ್ಥಾನದಾಗ" ಅಂದುಬಿಟ್ಟರು. ಸುಳ್ಳೇನಲ್ಲ. ಕೇಂದ್ರ ಸರ್ಕಾರ 2016ರಲ್ಲೇ ಸ್ಟಾಫ್ ನರ್ಸ್ ಅನ್ನೋ ಹೆಸರನ್ನು ನರ್ಸಿಂಗ್ ಆಫೀಸರ್ ಅಂತ ಬದಲಿಸಿದೆ. ಕಾಕಾ ಮೊದಲ ಪದ ನುಂಗಿ ಎರಡನೆಯದನ್ನು ಮಾತ್ರ ಬಡಿಸಿದರು. ನನಗೆ ತಡೆಯಲಾಗಲಿಲ್ಲ, "ನರ್ಸ್ ಅದೀನ್ರೀ" ಅಂದೆ. ಹಿರಿಯರು ಕಾಕಾನ ಮುಖ ನೋಡಿದರು, ಆಮೇಲೆ ನನ್ನದು. "ಅಂದ್ರ... ಕಂಪೌಂಡರ್ ಇದ್ದಾಂಗ?"

ಅವ್ವ ಎಲ್ಲರಿಗೂ ಇನ್ನೊಂದು ಸಲ ಚಹಾ ತಂದಳು.

ನಾನು ಊರು ಬಿಟ್ಟಿದ್ದು ಆಸೆಯಿಂದಲ್ಲ. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯ ಐಸಿಯು ಸೇರಿದಾಗ ಸಂಬಳ 14,000. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಅವರ ಬೀರುವಿನಲ್ಲಿ. ಜಾಸ್ತಿ ಕೇಳಿದರೆ ಹೊರಗೆ ಐವತ್ತು ಜನ ಕಾಯ್ತಿದ್ದಾರೆ ಅನ್ನೋರು. ಕಾಯ್ತಾನೂ ಇದ್ದರು, ನಮ್ಮ ರಾಜ್ಯದಲ್ಲಿ ನರ್ಸಿಂಗ್ ಕಾಲೇಜಿಗೇನು ಬರ? ಕೇರಳದ ಮಕ್ಕಳು ಬೆಂಗಳೂರಿಗೆ, ಮಂಗಳೂರಿಗೆ ಬಂದು ಓದಿ ಅಲ್ಲಿಂದಲೇ ಗಲ್ಫಿಗೆ ಹಾರುತ್ತಾರೆ, ನಾವು ಅದೇ ಊರಿನ ನಾಲ್ಕು ಆಸ್ಪತ್ರೆ ಸುತ್ತುತ್ತಾ ಐನೂರು ರೂಪಾಯಿ ಜಾಸ್ತಿಗೆ ಜಗಳ ಆಡ್ತೀವಿ. ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರದ ಒಂದು ಸಮಿತಿ ಕೂತು, ಐವತ್ತು ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ 20,000ಕ್ಕಿಂತ ಕಡಿಮೆ ಕೊಡಬಾರದು ಅಂದಿತ್ತು. ಅದರ ಪ್ರಿಂಟ್ ತೆಗೆದುಕೊಂಡು ಹೋಗಿ ತೋರಿಸಿದೆ. "ಇದು ಶಿಫಾರಸು ಅಷ್ಟೇ" ಅಂತ ಮಡಚಿ ವಾಪಸ್ ಕೊಟ್ಟರು.

ಆಮೇಲೆ ನಾರ್ಸೆಟ್ ಬರೆದೆ, ಕೇಂದ್ರ ಸರ್ಕಾರದ ಏಮ್ಸ್ ಆಸ್ಪತ್ರೆಗಳಿಗೆಲ್ಲ ಸೇರಿ ನರ್ಸ್ ಹುದ್ದೆಗೆ ನಡೆಯುವ ಪರೀಕ್ಷೆ. ಏಮ್ಸ್‌ನ 2019ರ ತೀರ್ಮಾನದಂತೆ ನೂರರಲ್ಲಿ 80 ಸೀಟು ಹೆಂಗಸರಿಗೆ, 20 ನಮಗೆ. ಮೊದಲ ಸಲ ಆಗಲಿಲ್ಲ. ಎರಡನೇ ಸಲ ಆಯಿತು, ಮೂಲ ವೇತನ 44,900, ಊರು ಜೋಧಪುರ.

ಇಲ್ಲಿ ನನ್ನ ರೂಮ್‌ಮೇಟ್ ನಾಗೌರ್ ಕಡೆಯ ಹುಡುಗ. ಅವನ ರಿಸಲ್ಟ್ ಬಂದಾಗ ಊರಲ್ಲಿ ತಲೆಗೆ ಸಾಫಾ ಪೇಟ ಕಟ್ಟಿ, ಜೀಪ್ ಮೇಲೆ ಕೂರಿಸಿ, ಡಿಜೆ ಹಾಕಿ ಮೆರವಣಿಗೆ ಮಾಡಿದ್ದರಂತೆ. ವಿಡಿಯೋ ತೋರಿಸಿದ. ಹಾರದೊಳಗೆ ಮೂಗು ಮಾತ್ರ ಕಾಣುತ್ತಿತ್ತು. ಒಂದು ರಜೆಯಲ್ಲಿ ಅವನ ಜೊತೆ ಹೋದೆ. ಚಹಾದಂಗಡಿ ಮುಂದೆ ಮಂಚದ ಮೇಲೆ ಒರಗಿದ್ದ ಮುದುಕರೊಬ್ಬರು, ಎಂಬತ್ತಾದರೂ ಆಗಿರಬೇಕು, ಕೋಲು ಊರಿ ಎದ್ದು ನಿಂತು, "ಪಧಾರೋ ಕಂಪೌಂಡರ್ ಸಾ" ಅಂದರು, ಬನ್ನಿ ಕಂಪೌಂಡರ್ ಸಾಹೇಬರೇ ಅಂತ. ಅದೇ ಪದ! ನಮ್ಮ ಮನೆಯಲ್ಲಿ ಅವ್ವನ ಕೈಲಿ ಎರಡನೇ ಸಲ ಚಹಾ ಮಾಡಿಸಿದ ಪದಕ್ಕೆ ಇಲ್ಲಿ ಹಿಂದೆ ಒಂದು 'ಸಾ' ಸೇರಿಸಿ ಎದ್ದು ನಿಲ್ಲುತ್ತಾರೆ. ಇವರಿಗೆ ಗಂಡಸು ನರ್ಸ್ ಆಗೋದು ಪೊಲೀಸ್ ಆದಷ್ಟೇ ಮಾಮೂಲು, ಜೈಪುರದಲ್ಲಿ ಅದಕ್ಕೇ ಅಂತ ಕೋಚಿಂಗ್ ಸೆಂಟರ್‌ಗಳಿವೆ. ನಮ್ಮಲ್ಲಿ ನನ್ನ ಜಾತಕ ಕೊಡುವಾಗ ಅಪ್ಪ "ಆರೋಗ್ಯ ಇಲಾಖೆ" ಅಂತ ಬರೆಸುತ್ತಾರೆ. ಸೂಜಿ ಚುಚ್ಚೋಕೆ, ಮಲ ಮೂತ್ರ ಎತ್ತೋಕೆ ಗಂಡು ಮಗನ್ನ ಓದಿಸಿದ್ವಾ ಅಂತ ಅಜ್ಜಿ ಕೇಳಿದ್ದು ಇನ್ನೂ ಕಿವಿಯಲ್ಲಿದೆ. ಎಷ್ಟು ದಿನ ಅಂತ ಹೀಗೆ, ನೀವೇ ಹೇಳಿ?

ಹೇಳಬಾರದು ಅಂತಿದ್ದೆ, ಆದರೂ ಹೇಳ್ತೀನಿ. ಆ ರೂಮ್‌ಮೇಟ್‌ಗೆ ಮೆರವಣಿಗೆಯಾದ ಆರು ತಿಂಗಳಿಗೆ ಮದುವೆಯಾಯಿತು, ಬಿಳಿ ಕಾರೊಂದು ಬಂತು. ಯಾರು ಕೊಟ್ಟರು ಅಂತ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಪಟವಾರಿ, ಅಂದರೆ ಊರ ಲೆಕ್ಕಿಗನ ಪರೀಕ್ಷೆ ಪಾಸಾಗಿದ್ದರೆ ಈ ಕಡೆ ತಲೆ ಹಾಕ್ತಿರಲಿಲ್ಲ ಅಂತ ಒಂದು ರಾತ್ರಿ ಅವನೇ ಅಂದ. ಎದ್ದು ನಿಂತ ಮುದುಕರು ಸರ್ಕಾರಿ ಸಂಬಳಕ್ಕೂ ನಿಂತಿರಬಹುದು. ವಾರ್ಡಲ್ಲೂ ಅಷ್ಟೇ. ಮುಖದ ಮೇಲೆ ಘೂಂಘಟ್ ಸೆರಗು ಎಳೆದುಕೊಂಡ ಅಜ್ಜಿ ಇಸಿಜಿಗೆ ನನ್ನನ್ನು ಹತ್ತಿರ ಸೇರಿಸೋದಿಲ್ಲ, ಸಿಸ್ಟರ್ ಬರುವ ತನಕ ಮಷಿನ್ ಹಿಡಿದು ಪರದೆ ಹೊರಗೆ ನಿಲ್ಲಬೇಕು. ಹುಬ್ಬಳ್ಳಿಯಲ್ಲಿ 14,000ಕ್ಕೆ ದುಡಿಯುವಾಗ ಬ್ಯಾಡಗಿ ಕಡೆಯ ಒಬ್ಬ ಮುದುಕಿ ಡಿಸ್ಚಾರ್ಜ್ ದಿನ ನನ್ನ ಗಲ್ಲ ಹಿಡಿದು "ನನ್ನ ಮಗಾ ಸುದ್ದಾ ಇಷ್ಟ್ ಮಾಡಿಲ್ಲೋ ಯಪ್ಪಾ" ಅಂದಿದ್ದಳು, ಸೆರಗಿನ ಗಂಟಿನಿಂದ ಇಪ್ಪತ್ತು ರೂಪಾಯಿ ಬಿಚ್ಚಿ ಕೊಟ್ಟು.

ಹುಬ್ಬಳ್ಳಿಯಲ್ಲಿ ರೈಲು ಹತ್ತಿ ಕೂತಾಗ ಇನ್ನೂ ಸಿಟ್ಟಿನಲ್ಲೇ ಇದ್ದೆ. ಮಿರಜ್ ದಾಟಿರಲಿಲ್ಲ, ಕಾಕಾನ ವಾಟ್ಸ್ಯಾಪ್ ಬಂತು. ಶುಗರ್ ರಿಪೋರ್ಟಿನ ಫೋಟೋ, ತಲೆಕೆಳಗಾಗಿ. ಫೋನ್ ತಿರುಗಿಸಿ ನೋಡಿದೆ, ಖಾಲಿ ಹೊಟ್ಟೆಯದು 186. ಕೂಡಲೇ ಫೋನ್ ಮಾಡಿ, ಡಾಕ್ಟರ್ ಹತ್ತಿರ ಹೋಗಿ, ನಾಳೆಯಿಂದ ಚಹಾಕ್ಕೆ ಸಕ್ಕರೆ ಬೇಡ ಅಂದೆ.

"ಅರ್ಧಾ ಚಮಚಾ?" ಅಂದರು.