ಡ್ಯಾನ್ಯೂಬ್ ದಂಡೆಯ ಸೈಕಲ್ಲು ಆಗುಂಬೆ ಘಾಟಿಗೆ ಒಗ್ಗದು

ಜರ್ಮನಿಯಲ್ಲಿ ಅರವತ್ತು ದಾಟಿದ ಎಷ್ಟೋ ಜನ ಇ-ಮೌಂಟನ್ ಬೈಕ್, ಅಂದರೆ ಗುಡ್ಡಗಾಡಿನ ಎಲೆಕ್ಟ್ರಿಕ್ ಸೈಕಲ್ಲು, ಕೊಳ್ಳುತ್ತಾರೆ. ಅಗಲವಾದ ಟೈರು, ಗಟ್ಟಿ ಬ್ರೇಕು, ಏರಿಗೆ ಹೆದರದ ಮೋಟಾರು ಎಲ್ಲಾ ಒಂದೇ ಗಾಡಿಯಲ್ಲಿ ಸಿಗುತ್ತದೆ. ಸ್ವಲ್ಪ ಕಾಲ ಕಾಡುಹಾದಿ ಸುತ್ತಿದ ಮೇಲೆ ಅದನ್ನೇ ದೂರದ ಪ್ರಯಾಣಕ್ಕೆ ಸಜ್ಜು ಮಾಡುವ ಆಸೆ ಹುಟ್ಟುತ್ತದೆ. ಪಾಸಾವ್‌ನಿಂದ ವಿಯೆನ್ನಾವರೆಗೆ ಡ್ಯಾನ್ಯೂಬ್ ದಂಡೆಯ ಸುಮಾರು 320 ಕಿ.ಮೀ. ಹಾದಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಇಲ್ಲಿನ ಅಂಗಡಿಯವರ ಮೊದಲ ಸಲಹೆ ದೊಡ್ಡ ಬ್ಯಾಟರಿ. ನಮ್ಮೂರಿನವರ ಮೊದಲ ಪ್ರಶ್ನೆಯೂ ಅದೇ: "ಒಂದ್ಸಲ ಚಾರ್ಜ್ ಮಾಡಿದ್ರೆ ಎಷ್ಟು ಕಿಲೋಮೀಟರ್ ಕೊಡುತ್ತೆ?" ಇಬ್ಬರೂ ತಪ್ಪು ತುದಿಯಿಂದ ಶುರು ಮಾಡುತ್ತಾರೆ ಅನ್ನುವುದು ನನ್ನ ವಾದ. ಈ ವಯಸ್ಸಿನಲ್ಲಿ ಪ್ರಯಾಣ ಕೆಡಿಸುವುದು ಮರಗಟ್ಟಿದ ಕೈ, ಹತ್ತಿಳಿಯುವಾಗ ತಪ್ಪುವ ಆಯ ಮತ್ತು ಆ ಊರಲ್ಲಿ ಸಿಗದ ಬಿಡಿಭಾಗ.

ಬ್ಯಾಟರಿಯ ಲೆಕ್ಕ ಮೊದಲು ಮುಗಿಸಿಬಿಡೋಣ. ಸವಾರ 80, ಸೈಕಲ್ಲು 25, ಸಾಮಾನು 15, ಒಟ್ಟು 120 ಕೆ.ಜಿ. ಇಷ್ಟನ್ನು 1000 ಮೀಟರ್ ಮೇಲೇರಿಸಲು ಸುಮಾರು 330 ವ್ಯಾಟ್-ಅವರ್ (ಬ್ಯಾಟರಿಯಲ್ಲಿ ಹಿಡಿಯುವ ಶಕ್ತಿಯ ಅಳತೆ) ಬೇಕು. ಅರ್ಧ ನಮ್ಮ ಕಾಲು ಕೊಟ್ಟರೂ ಮೋಟಾರಿನ ನಷ್ಟ ಸೇರಿ ಬ್ಯಾಟರಿಯಿಂದ 200ರ ಆಸುಪಾಸು ಖರ್ಚಾಗುತ್ತದೆ. ನದಿ ದಂಡೆಯ ಸಮತಟ್ಟಿನಲ್ಲಿ, ಮೋಟಾರು ಕಡಿಮೆ ನೆರವು ಕೊಡುವ ಇಕೋ ಮೋಡ್‌ನಲ್ಲಿ, ಕಿಲೋಮೀಟರಿಗೆ 5ರಿಂದ 7 ಸಾಕು. ಹಾಗಾಗಿ 625 ವ್ಯಾಟ್-ಅವರ್ ಬ್ಯಾಟರಿ ಇದ್ದವರಿಗೆ ದಿನಕ್ಕೆ 60-70 ಕಿ.ಮೀ. ನಿರಾತಂಕ. 4 ಆಂಪಿಯರ್ ಚಾರ್ಜರ್‌ನಲ್ಲಿ ತುಂಬಲು ಐದು ಗಂಟೆಗೂ ಹೆಚ್ಚು ಹಿಡಿಯುತ್ತದೆ, ಆದರೆ ಆ ಹೊತ್ತಿನಲ್ಲಿ ನಾವು ನಿದ್ದೆಯಲ್ಲಿರುತ್ತೇವೆ. ಎರಡನೇ ಬ್ಯಾಟರಿ ಎಂದರೆ ಇನ್ನೂ ಮೂರು-ನಾಲ್ಕು ಕೆ.ಜಿ. ಹೊರೆ.

ಹಣ ಹಾಕಬೇಕಾದ್ದು ಹ್ಯಾಂಡಲ್ಲಿಗೆ. ಮೌಂಟನ್ ಬೈಕಿನ ಹ್ಯಾಂಡಲ್ 760-800 ಮಿ.ಮೀ. ಅಗಲ, ಹೆಚ್ಚುಕಡಿಮೆ ನೇರ. ಕಾಡಿನಲ್ಲಿ ಅದು ಸರಿ. ದಿನಕ್ಕೆ ಐದು ಗಂಟೆ ಹಿಡಿದು ಕೂತರೆ ಮಣಿಕಟ್ಟು ಹೊರಕ್ಕೆ ತಿರುಚಿಕೊಂಡೇ ಇರುತ್ತದೆ, ಅಂಗೈಯ ನರ ಒತ್ತಿ ಕಿರುಬೆರಳು, ಉಂಗುರಬೆರಳು ಜುಮುಗುಡುತ್ತವೆ. 680 ಮಿ.ಮೀ. ಅಗಲದ, ಹಿಂದಕ್ಕೆ 15ರಿಂದ 20 ಡಿಗ್ರಿ ಬಾಗಿದ ಹ್ಯಾಂಡಲ್ ಹಾಕಿಸಿ. ಜೊತೆಗೆ ಅಂಗೈಗೆ ಆಸರೆ ಕೊಡುವ ಅಗಲ ಗ್ರಿಪ್, ತುದಿಯಲ್ಲಿ ಕೈ ಬದಲಿಸಿ ಹಿಡಿಯಲು ಕೊಂಬಿನಂಥ ಗಿಡ್ಡ ಬಾರ್-ಎಂಡ್. ಎಚ್ಚರ: ಹ್ಯಾಂಡಲ್ ಎತ್ತರಿಸಿ ಹಿಂದಕ್ಕೆ ತಂದಾಗ ಬ್ರೇಕಿನ ಪೈಪು, ಮೋಟಾರಿನ ವೈರು ಬಿಗಿಯಾಗುತ್ತವೆ. ಪೂರ್ತಿ ಎಡಕ್ಕೂ ಬಲಕ್ಕೂ ತಿರುಗಿಸಿ ನೋಡದೆ ಅಂಗಡಿಯಿಂದ ಹೊರಡಬೇಡಿ.

ಇನ್ನೊಂದು ಡ್ರಾಪರ್, ಅಂದರೆ ಗುಂಡಿ ಒತ್ತಿದರೆ ಕೆಳಗಿಳಿಯುವ ಸೀಟಿನ ಕೊಳವೆ. ದೂರದ ಪ್ರಯಾಣ ಎಂದ ಕೂಡಲೇ ಅದನ್ನು ಕಿತ್ತು ಸ್ಪ್ರಿಂಗ್ ಇರುವ ಸೀಟ್‌ಪೋಸ್ಟ್ ಹಾಕಿಸುವ ರೂಢಿ ಇಲ್ಲಿದೆ. ನನಗೆ ಇದು ಶುದ್ಧ ದಡ್ಡತನ ಅನಿಸುತ್ತದೆ. ಹೊರೆ ಹೇರಿದ ಸೈಕಲ್ಲು ವಾಲುವುದು ಓಡುವಾಗ ಕಡಿಮೆ, ನಿಲ್ಲುವಾಗ ಹೆಚ್ಚು. ಸಿಗ್ನಲ್ಲಿಗೆ ಬರುತ್ತಲೇ ಸೀಟು ಹತ್ತು ಸೆಂ.ಮೀ. ಇಳಿಸಿದರೆ ಎರಡು ಪಾದವೂ ನೆಲಕ್ಕೆ ಊರುತ್ತವೆ. ಸೊಂಟ ಬಿಗಿಯಾದವರಿಗೆ ಕಾಲು ದಾಟಿಸುವುದೂ ಸಲೀಸು. ಅದೇ ಕಾರಣಕ್ಕೆ ಕ್ಯಾರಿಯರ್ ಮೇಲೆ ಅಡ್ಡ ಚೀಲ ಕಟ್ಟಬೇಡಿ, ಕಾಲು ಅದಕ್ಕೆ ತಾಗಿಯೇ ಬೀಳುವುದು. ಕುಲುಕಾಟಕ್ಕೆ ಮದ್ದು ಟೈರಿನಲ್ಲೇ ಇದೆ.

ಕ್ಯಾರಿಯರ್ ವಿಷಯದಲ್ಲಿ ಹಿಂದೆ ಶಾಕ್ ಇಲ್ಲದ ಗಾಡಿ ಇದ್ದವರು ಪುಣ್ಯವಂತರು. ಹಿಂದೆ ಮುಂದೆ ಎರಡೂ ಕಡೆ ಶಾಕ್ ಇರುವ ಫುಲ್ ಸಸ್ಪೆನ್ಷನ್ ಆದರೆ ಕ್ಯಾರಿಯರಿನ ಎರಡೂ ತುದಿ ಅಲುಗುವ ಹಿಂಭಾಗಕ್ಕೇ ಕೂರಬೇಕು. ಒಂದು ತುದಿ ಸೀಟಿನ ಕೊಳವೆಗೆ, ಇನ್ನೊಂದು ಚಕ್ರದ ಅಚ್ಚಿಗೆ ಕೊಟ್ಟರೆ ಶಾಕ್ ಒತ್ತಿದಾಗಲೆಲ್ಲ ಕ್ಯಾರಿಯರ್ ತಿರುಚಿ ಕೊನೆಗೆ ಬೆಸುಗೆ ಬಿಡುತ್ತದೆ. ಅಚ್ಚಿಗೆ ಕೂರುವ ಕ್ಯಾರಿಯರ್ ಕೊಳ್ಳುವ ಮುನ್ನ ಅಚ್ಚಿನ ಉದ್ದ, ಮರೆಯ (ತಿರುಪಿನ ಥ್ರೆಡ್ಡಿನ) ಪಿಚ್, ಅಂದರೆ ಸುತ್ತು ಸುತ್ತಿನ ನಡುವಿನ ಅಂತರ, ಎರಡನ್ನೂ ಅಳೆಯಿರಿ. 1.0, 1.5, 1.75 ಮಿ.ಮೀ. ಪಿಚ್ ಮೂರೂ ಚಾಲ್ತಿಯಲ್ಲಿವೆ. ಬೋಲ್ಟುಗಳಿಗೆ, ಅವು ಸಡಿಲವಾಗದಂತೆ ಹಿಡಿಯುವ ಅಂಟಾದ ನೀಲಿ ಥ್ರೆಡ್‌ಲಾಕರ್ ಹಚ್ಚಿ, ಮೊದಲ 50 ಕಿ.ಮೀ. ಆದ ಮೇಲೆ ಮತ್ತೆ ಬಿಗಿ ನೋಡಿ. ಈ ಗಾಡಿಗಳ ಹಿಂಭಾಗ ಗಿಡ್ಡ, ಆದ್ದರಿಂದ ಚೀಲ ಹಿಂದಕ್ಕೆ ಸರಿಸದಿದ್ದರೆ ಹಿಮ್ಮಡಿ ಬಡಿಯುತ್ತದೆ. ತೀರಾ ಹಿಂದಕ್ಕೆ ಸರಿಸಿದರೆ ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ಅಲೆಯುತ್ತದೆ. ಹಿಂದೆ ಹತ್ತು, ಮುಂದೆ ಫೋರ್ಕಿನ ಕೆಳಭಾಗದಲ್ಲಿ ನಾಲ್ಕೈದು ಕೆ.ಜಿ. ಹಂಚಿದರೆ ಸಮತೋಲ ಸರಿಹೋಗುತ್ತದೆ.

ಮುಳ್ಳುಮುಳ್ಳಿನ 2.6 ಇಂಚಿನ ಟೈರು ತೆಗೆದು 2.25 ಇಂಚಿನ ನುಣುಪು ಟೂರಿಂಗ್ ಟೈರು ಹಾಕಿ, ಗಾಳಿ 2.5 ಬಾರ್ ಸುತ್ತಮುತ್ತ ಇರಲಿ. ಬ್ರೇಕಿಗೆ ಲೋಹದ ಪುಡಿಯಿಂದ ಮಾಡಿದ ಸಿಂಟರ್ಡ್ ಪ್ಯಾಡ್. ರೆಸಿನ್ ಪ್ಯಾಡ್ ಉದ್ದ ಇಳಿಜಾರಿನಲ್ಲಿ ಕಾದು ಗಾಜಿನಂತೆ ಹೊಳಪೇರುತ್ತದೆ, ಹಿಡಿತ ಸತ್ತೇಹೋಗುತ್ತದೆ. ಪೆಡಲಿನ ಬಳಿ ಕೂರುವ ಮಧ್ಯದ ಮೋಟಾರು ಚೈನನ್ನು ಬೇಗ ಸವೆಸಿ ಉದ್ದವಾಗಿಸುತ್ತದೆ. ಚೈನಿನ ಅಳತೆಗೋಲಿನಲ್ಲಿ ಸವೆತ ನೂರಕ್ಕೆ 0.5 ತೋರಿಸಿದ ದಿನವೇ ಬದಲಾಯಿಸದಿದ್ದರೆ ಹಿಂದಿನ ಹಲ್ಲುಚಕ್ರಗಳ ಇಡೀ ಗೊಂಚಲಿಗೇ ದುಡ್ಡು ಸುರಿಯಬೇಕು.

ಇಷ್ಟು ಮಾಡಿದರೆ ಯುರೋಪಿನ ಮಟ್ಟಿಗೆ ಗಾಡಿ ತಯಾರು. ನಿವೃತ್ತರಾದವರು ಇದನ್ನೇ ಊರಿಗೂ ಒಯ್ದು ಮಲೆನಾಡು ಸುತ್ತುವ ಮಾತಾಡುತ್ತಾರೆ. ಅದು ಬೇಡ. ಮೊದಲನೆಯದಾಗಿ, 160 ವ್ಯಾಟ್-ಅವರ್ ಮೀರಿದ ಲಿಥಿಯಂ ಬ್ಯಾಟರಿ ಪ್ರಯಾಣಿಕರ ವಿಮಾನ ಹತ್ತುವಂತಿಲ್ಲ. ಬ್ಯಾಟರಿ ಇಲ್ಲದೆ ಬಂದಿಳಿಯುವುದು ತುಳಿಯಲು ಹೆಣಗಬೇಕಾದ ಇಪ್ಪತ್ತು ಚಿಲ್ಲರೆ ಕೆ.ಜಿ. ಕಬ್ಬಿಣ. ಮೋಟಾರು, ಬ್ಯಾಟರಿ, ಡಿಸ್‌ಪ್ಲೇ ಮೂರೂ ಒಂದೇ ಕಂಪನಿಯದಾಗಿರಬೇಕು, ದೋಷ ಹುಡುಕಲು ಡೀಲರನ ಕಂಪ್ಯೂಟರೇ ಬೇಕು. ಜರ್ಮನಿಯ ಸಣ್ಣ ಊರಲ್ಲೂ ಅಂಥ ಡೀಲರ್ ಇರುವುದರಿಂದ ಈ ಪದ್ಧತಿ ನಡೆಯುತ್ತದೆ. ತೀರ್ಥಹಳ್ಳಿಯ ಸೈಕಲ್ ಷಾಪಿನಾತ ಎಷ್ಟೇ ಕುಶಲಿಯಾದರೂ ಬೀಗ ಹಾಕಿದ ಪೆಟ್ಟಿಗೆಯನ್ನು ಏನು ಮಾಡಿಯಾನು?

ಊರಲ್ಲಿ ಇನ್ನೊಂದು ದಾರಿ ಹಿಡಿಯಬೇಕು. ಶಾಕ್ ಮುಂದೆ ಮಾತ್ರ ಇರುವ ಸಾಧಾರಣ ಮೌಂಟನ್ ಸೈಕಲ್ಲಿಗೆ ಮೋಟಾರ್ ಕಿಟ್ ಹಾಕುವುದು. ಕಾನೂನು ಎರಡೂ ಕಡೆ ಹೆಚ್ಚುಕಡಿಮೆ ಒಂದೇ: 250 ವ್ಯಾಟ್, ಗಂಟೆಗೆ 25 ಕಿ.ಮೀ. ಮಿತಿಯೊಳಗಿದ್ದರೆ ನೋಂದಣಿಯೂ ಬೇಡ, ಲೈಸೆನ್ಸೂ ಬೇಡ. ಅಗ್ಗವೆಂದು ಚಕ್ರದೊಳಗಿನ ಹಬ್ ಮೋಟಾರ್ ಹಾಕುವವರೇ ಬಹಳ. ಮಂಡ್ಯದ ಬಯಲಿಗೆ ಅದು ಸಾಕು. ಆಗುಂಬೆಯ ಹದಿನಾಲ್ಕು ತಿರುವಿಗೆ ಸಾಲದು. ನೂರಕ್ಕೆ ಎಂಟರ ಏರಿನಲ್ಲಿ 120 ಕೆ.ಜಿ. ಹೊರೆ ಗಂಟೆಗೆ 8 ಕಿ.ಮೀ. ಏರಲು ಸುಮಾರು 210 ವ್ಯಾಟ್ ಬೇಕು. ಅರವತ್ತೈದರ ಸವಾರ 80 ಕೊಟ್ಟರೆ ಉಳಿದದ್ದು ಮೋಟಾರಿನ ಪಾಲು. ಸೈಕಲ್ಲಿನ ಗೇರುಗಳ ನೆರವಿಲ್ಲದ ಹಬ್ ಮೋಟಾರು ಅಷ್ಟು ನಿಧಾನ ತಿರುಗುವಾಗ ಎಳೆದ ಕರೆಂಟಿನ ದೊಡ್ಡ ಪಾಲನ್ನು ಬಿಸಿಯಾಗಿಯೇ ಕಳೆಯುತ್ತದೆ, ಒಳಗೆ ನೈಲಾನ್ ಹಲ್ಲುಚಕ್ರ ಇರುವ ಮಾದರಿಯಾದರೆ ಆ ಹಲ್ಲೂ ಸವೆಯುತ್ತದೆ.

ಘಾಟಿಗೆ ಪೆಡಲ್ ಅಚ್ಚಿನಲ್ಲಿ ಕೂರುವ ಮೋಟಾರೇ ಸರಿ. ಬಫಾಂಗ್‌ನ 36 ವೋಲ್ಟ್, 250 ವ್ಯಾಟ್ ಕಿಟ್, ಒಳಗೆ ಮರೆ ಇರುವ 68 ಅಥವಾ 73 ಮಿ.ಮೀ. ಅಗಲದ, ಪೆಡಲ್ ಅಚ್ಚು ಕೂರುವ ಕೊಳವೆಯಾದ ಬಾಟಮ್ ಬ್ರಾಕೆಟ್‌ಗೆ ಕೂರುತ್ತದೆ. ಮುಂದೆ 42, ಹಿಂದೆ 9 ಸ್ಪೀಡಿನ 11-42 ಹಲ್ಲು ಹಾಕಿದರೆ ಕೊನೆಯ ಗೇರಿನಲ್ಲಿ ನಿಮಿಷಕ್ಕೆ 60 ಸುತ್ತು ತುಳಿದಾಗ ಗಂಟೆಗೆ 8 ಕಿ.ಮೀ. ಸಿಗುತ್ತದೆ, ಮಂಡಿಗೂ ಹಿತ. ಗೇರ್ ಬದಲಿಸುವಾಗ ಅರೆಕ್ಷಣ ಕಾಲು ಸಡಿಲಿಸಿ, ಇಲ್ಲದಿದ್ದರೆ ಚೈನು ತುಂಡಾಗಬಹುದು.

ಊರಿನ ಗಾಡಿಯ ಬ್ರೇಕಿಗೆ ನನ್ನ ಮತ ತಂತಿ ಎಳೆದು ಹಿಡಿಯುವ ಕೇಬಲ್ ಡಿಸ್ಕ್‌ಗೆ. ಎಣ್ಣೆಯ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಮೇಲೆಂದು ಜರ್ಮನಿಯಲ್ಲಿ ನಾನೇ ಹೇಳುತ್ತೇನೆ. ಆದರೆ ಮಿನರಲ್ ಆಯಿಲ್ ಬ್ರೇಕು ದಾರಿಯಲ್ಲಿ ಸೋರಿದರೆ ಮೋಟಾರ್ ಬೈಕ್ ಮೆಕ್ಯಾನಿಕ್ ಕೈಲಿರುವ ಡಾಟ್ 4 ಬ್ರೇಕ್ ದ್ರವ ಅದಕ್ಕೆ ಆಗುವುದಿಲ್ಲ, ಸೀಲುಗಳು ಉಬ್ಬಿ ಕೆಡುತ್ತವೆ. ಕೇಬಲ್ಲಾದರೆ ಒಂದು ತಂತಿ ಜೇಬಿನಲ್ಲೇ ಇರುತ್ತದೆ.

ಚಾರ್ಜಿಂಗ್ ಚಿಂತೆ ಬೇಡ. ಚಾರ್ಜರ್ ಎಳೆಯುವುದು 150-200 ವ್ಯಾಟ್, ಲಾಡ್ಜಿನ ಸಾಮಾನ್ಯ 5 ಆಂಪಿಯರ್ ಸಾಕೆಟ್ ಧಾರಾಳ. ಕಾಡುವುದು ಬಿಸಿಲು. ಏಪ್ರಿಲ್‌ನಲ್ಲಿ ಹೋಟೆಲ್ ಮುಂದೆ ಕಾದ ಬ್ಯಾಟರಿಯನ್ನು ತಂದ ಕೂಡಲೇ ಚಾರ್ಜಿಗೆ ಹಾಕಬೇಡಿ. ಮುಟ್ಟಿದರೆ ತಣ್ಣಗನ್ನಿಸುವವರೆಗೆ ಫ್ಯಾನಿನ ಕೆಳಗಿಟ್ಟು ಆಮೇಲೆ ಹಾಕಿ.