ಅಡ್ಮಿಟ್ ಆಗದಿದ್ರೆ ಆಂಬುಲೆನ್ಸ್ ದುಡ್ಡು ಇಲ್ವಂತೆ

ಹೋದ ವರ್ಷ ಬೇಸಿಗೆಲಿ ನಮ್ಮತ್ತೆ ತೀರ್ಥಹಳ್ಳಿಯಿಂದ ಇಲ್ಲಿಗೆ, ನ್ಯೂಜೆರ್ಸಿಗೆ ಬಂದಿದ್ರು. ಬಂದು ಇಪ್ಪತ್ತು ದಿನ ಆಗಿರ್ಬೇಕು, ಒಂದು ಬೆಳಗ್ಗೆ ನೀರುದೋಸೆ ಹುಯ್ತಾ ಇದ್ದೋರು ಹಾಗೇ ಒಲೆ ಪಕ್ಕ ಕುಸಿದು ಕೂತ್ರು, ಮೈಯೆಲ್ಲ ಬೆವರು, ಕಣ್ಣು ಮೇಲೆ ಹೋಗ್ತಿತ್ತು. 911ಗೆ ಫೋನ್ ಮಾಡ್ತೀನಿ ಅಂದ್ರೆ ಆ ಸ್ಥಿತಿಲೂ "ಬ್ಯಾಡ ಅಳಿಯಂದ್ರೇ, ಸುಮ್ನೆ ದುಡ್ಡು ದಂಡ, ನಿಮ್ ಕಾರಲ್ಲೇ ಹೋಗಣ" ಅಂತಿದ್ರು. ಹೆಂಡ್ತಿ ನನ್ ಕೈಯಿಂದ ಫೋನ್ ಕಿತ್ಕೊಂಡು ಡಯಲ್ ಮಾಡಿದ್ಲು. ಸತ್ಯ ಹೇಳ್ಬೇಕಂದ್ರೆ ನಾನೂ ಅರ್ಧ ನಿಮಿಷ ಬಿಲ್ ಬಗ್ಗೆನೇ ಯೋಚ್ನೆ ಮಾಡ್ತಾ ನಿಂತಿದ್ದೆ, ಈಗ ನೆನೆಸ್ಕೊಂಡ್ರೂ ನಾಚಿಕೆ ಆಗತ್ತೆ.

ಆಂಬುಲೆನ್ಸ್ ಬಂತು. ನ್ಯೂಜೆರ್ಸಿಲಿ ಒಂದು ವಿಚಿತ್ರ ಏನಂದ್ರೆ ಸುಮಾರು ಊರುಗಳಲ್ಲಿ ಆಂಬುಲೆನ್ಸ್ ನಡೆಸೋರು ವಾಲಂಟಿಯರ್‌ಗಳು, ಬೇರೆ ಕೆಲಸ ಮಾಡ್ಕೊಂಡಿರೋ ಅಕ್ಕಪಕ್ಕದ ಜನಾನೇ. ನಮ್ಮೂರಿನ ಸ್ಕ್ವಾಡ್‌ನೋರು ಒಂದು ಡಾಲರ್ ಕೇಳಲಿಲ್ಲ. ಆದ್ರೆ ಐವಿ ಹಾಕೋದು, ಹಾರ್ಟ್ ಮಾನಿಟರ್ ಇಡೋದು ಎಲ್ಲ ಪ್ಯಾರಾಮೆಡಿಕ್ ಕೆಲಸ, ಅವರು ಆಸ್ಪತ್ರೆ ಕಡೆಯಿಂದ ಬೇರೆ ಗಾಡಿಲಿ ಬರ್ತಾರೆ, ಅವರ ಬಿಲ್ಲೂ ಬೇರೆ. ಅತ್ತೆಗೆ ಆಗಿದ್ದು ಸೋಡಿಯಂ ಕಮ್ಮಿ ಆಗಿ ಬಂದ ತಲೆಸುತ್ತು, ಒಂದು ರಾತ್ರಿ ಇಟ್ಕೊಂಡು ಕಳಿಸಿದ್ರು. ಮೂರು ವಾರ ಆದ್ಮೇಲೆ ಪ್ಯಾರಾಮೆಡಿಕ್ ಬಿಲ್ ಬಂತು. ವಿಸಿಟರ್ ಇನ್ಶೂರೆನ್ಸ್‌ಗೆ ಕಳಿಸಿದ್ರೆ ಅದು ರಿಜೆಕ್ಟ್. ಕಾರಣ? ಪೆಟ್ಟಾಗಿದ್ರೆ ಕೊಡ್ತಿದ್ರಂತೆ, ಕಾಯಿಲೆ ಆದ್ರೆ ಒಳರೋಗಿಯಾಗಿ ಅಡ್ಮಿಟ್ ಆಗಿರ್ಬೇಕಂತೆ. ರಾತ್ರಿಯೆಲ್ಲ ಆಸ್ಪತ್ರೆ ಮಂಚದ ಮೇಲೇ ಮಲಗಿದ್ರೂ ಕಾಗದದಲ್ಲಿ "ಅಬ್ಸರ್ವೇಶನ್" ಅಂತಿತ್ತು, ಅಂದ್ರೆ ಬರೀ ನಿಗಾಲಿ ಇಟ್ಕೊಂಡಿದ್ದು, ಅದು ಅಡ್ಮಿಷನ್ ಅಲ್ವಂತೆ. ಅತ್ತೆಗೆ ಇದನ್ನ ಹೇಳಿದ್ರೆ "ಗೊತ್ತಿದ್ರೆ ಒಲೆಗೊಂದು ಸಲ ತಲೆ ಹೊಡ್ಕೊಂಡು ಬೀಳ್ತಿದ್ದೆ ಬಿಡಿ" ಅಂದ್ರು.

ಸರಿ, ಅಮೆರಿಕ ಹೀಗೇ ಅಂತ ಬೈಕೊಂಡು ಸುಮ್ನಾಗಬಹುದಿತ್ತು, ಆದ್ರೆ ಊರಲ್ಲಿ ಅಪ್ಪಂಗೆ ಆಗಿದ್ದೂ ಇದೇ ಕತೆ. ಅಪ್ಪಂಗೆ 74. ರಾತ್ರಿ ಎದೆ ಉರಿ ಅಂತ ತಮ್ಮ 108ಕ್ಕೆ ಫೋನ್ ಮಾಡ್ದ. ಕರ್ನಾಟಕದಲ್ಲಿ 2008ರಲ್ಲಿ ಆರೋಗ್ಯ ಕವಚ ಅಂತ ಶುರುವಾದ 108 ಪೂರ್ತಿ ಫ್ರೀ, ಅದೊಂದು ವಿಷಯಕ್ಕೆ ನಾನು ಇಲ್ಲಿಯವರ ಮುಂದೆ ಎದೆ ಉಬ್ಬಿಸ್ಕೊಂಡು ಹೇಳ್ತೀನಿ. ಆದ್ರೆ ಅದು ಸಾಮಾನ್ಯವಾಗಿ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತಾನೆ ಕರ್ಕೊಂಡು ಹೋಗೋದು. ಅಲ್ಲಿ ಇಸಿಜಿ ನೋಡಿ ದೊಡ್ಡಾಸ್ಪತ್ರೆಗೆ ಹೋಗಿ ಅಂದ್ರು. ನಮ್ ಕಡೆ ದೊಡ್ಡಾಸ್ಪತ್ರೆ ಅಂದ್ರೆ ಒಂದೋ ಶಿವಮೊಗ್ಗ, ಇಲ್ಲ ಆಗುಂಬೆ ಘಾಟಿ ಇಳಿದು ಮಣಿಪಾಲ. ಆ ತಿರುವುಗಳಲ್ಲಿ ಹುಷಾರಿರೋರಿಗೇ ವಾಂತಿ ಬರತ್ತೆ, ಅದರಲ್ಲಿ ಆಕ್ಸಿಜನ್ ಹಾಕ್ಕೊಂಡು ಮಲಗಿದ್ದ ಅಪ್ಪ, ಪಕ್ಕದಲ್ಲಿ ಸಿಲಿಂಡರ್ ಹಿಡ್ಕೊಂಡು ತಮ್ಮ. ಪ್ರೈವೇಟ್ ಆಂಬುಲೆನ್ಸ್‌ನೋನು ಒಂಬತ್ತು ಸಾವಿರ ತಗೊಂಡು ಒಂದು ಚೀಟಿ ಬರ್ಕೊಟ್ಟ. ಅಲ್ಲಿ ಎಮರ್ಜೆನ್ಸಿಲಿ ಎಲ್ಲ ಟೆಸ್ಟ್ ಮಾಡಿ ಹಾರ್ಟ್ ಅಲ್ಲ ಅಂತ ಸಂಜೆಗೇ ಬಿಟ್ರು, ದೇವರ ದಯೆ. ಅಪ್ಪನ ಹೆಲ್ತ್ ಪಾಲಿಸಿಲಿ ಆಂಬುಲೆನ್ಸ್‌ಗೆ ಅಂತ ಇದ್ದಿದ್ದು ಎರಡು ಸಾವಿರ, ಅದೂ 24 ಗಂಟೆ ಅಡ್ಮಿಟ್ ಆಗಿದ್ರೆ ಮಾತ್ರ. ಅದರ ಮೇಲೆ ಚೀಟಿಲಿ ರಿಜಿಸ್ಟ್ರೇಷನ್ ನಂಬರ್ ಇಲ್ಲ ಅಂತ ಇನ್ನೊಂದು ತಕರಾರು. ಹಾರ್ಟ್ ಅಲ್ಲ ಅಂತ ಗೊತ್ತಾಗೋಕೇ ಅಲ್ವೇನ್ರೀ ಹೋಗಿದ್ದು?

ಈಗ ನಮ್ ಪಕ್ಕದ ಮನೆ ಅಜ್ಜಿ ವಿಷಯ ಕೇಳಿ. 80ರ ಹತ್ತಿರ, ಒಬ್ರೇ ಇರ್ತಾರೆ, ಮೆಡಿಕೇರ್ ಇದೆ, ಅಂದ್ರೆ ಮುಖ್ಯವಾಗಿ 65 ಆದೋರಿಗೆ ಇಲ್ಲಿನ ಸರ್ಕಾರ ಕೊಡೋ ಇನ್ಶೂರೆನ್ಸು. ಅವರಿಗೂ ಒಂದು ದಿನ ಎದೆನೋವು, ಅವರೂ ಸಂಜೆಗೆ ಮನೆಗೆ ವಾಪಸ್, ಬರೀ ಗ್ಯಾಸು. ಅವರಿಗೆ ಯಾರೂ ಅಡ್ಮಿಟ್ ಆಗಿದ್ರಾ ಅಂತ ಕೇಳಲಿಲ್ಲ. ಡಾಕ್ಟ್ರು, ಆಂಬುಲೆನ್ಸ್ ಥರದ ಖರ್ಚಿಗಿರೋ ಮೆಡಿಕೇರ್ ಪಾರ್ಟ್ ಬಿ ನೋಡೋದು ಎತ್ಕೊಂಡು ಹೋದ ಹೊತ್ತಲ್ಲಿ ಆ ಮನುಷ್ಯ ಯಾವ ಸ್ಥಿತಿಲಿದ್ದ, ಬೇರೆ ಗಾಡಿಲಿ ಹೋಗಿದ್ರೆ ಆರೋಗ್ಯಕ್ಕೆ ಅಪಾಯ ಇತ್ತಾ ಅಂತ. ವರ್ಷದ ಡಿಡಕ್ಟಬಲ್, ಅಂದ್ರೆ ಮೊದಲು ನಮ್ಮ ಕೈಯಿಂದಲೇ ಹಾಕ್ಬೇಕಾದ ದುಡ್ಡು (2025ರಲ್ಲಿ 257 ಡಾಲರ್), ಕಟ್ಟಿದ್ಮೇಲೆ ಮೆಡಿಕೇರ್ ಒಪ್ಪಿದ ರೇಟಿನಲ್ಲಿ 80 ಪರ್ಸೆಂಟ್ ಅವರದು, 20 ನಮ್ಮದು, ಅದರ ಮೇಲೆ ಆಂಬುಲೆನ್ಸ್‌ನೋರು ಜಾಸ್ತಿ ಬಿಲ್ ಕಳಿಸೋ ಹಾಗಿಲ್ಲ. ತಮಾಷೆ ಏನಂದ್ರೆ ಕೆಲಸದ ಕಡೆಯಿಂದ ಇನ್ಶೂರೆನ್ಸ್ ಇರೋ ನನ್ನಂಥೋರಿಗೆ ಈ ರಕ್ಷಣೆ ಗ್ಯಾರಂಟಿ ಇಲ್ಲ, ದಿಢೀರ್ ಬಿಲ್ ತಡೆಯೋಕೆ 2022ರಲ್ಲಿ ಜಾರಿಗೆ ಬಂದ ಕಾನೂನು ಹೆಲಿಕಾಪ್ಟರ್ ಆಂಬುಲೆನ್ಸ್‌ನ ಸೇರಿಸ್ಕೊಳ್ತು, ರಸ್ತೆ ಮೇಲಿನ ಆಂಬುಲೆನ್ಸ್‌ನ ಬಿಟ್ಬಿಡ್ತು.

ಮೆಡಿಕೇರ್ ಸ್ವರ್ಗ ಅಂತ ನಾನೇನೂ ಹೇಳ್ತಿಲ್ಲ. ಸರಿಯಾದ ಚಿಕಿತ್ಸೆ ಸಿಗೋ ಹತ್ತಿರದ ಆಸ್ಪತ್ರೆವರೆಗೆ ಮಾತ್ರ ಲೆಕ್ಕ, ನಮ್ ಡಾಕ್ಟ್ರು ಅಲ್ಲಿದ್ದಾರೆ ಅಂತ ದೂರ ಹೋದ್ರೆ ಆ ಹೆಚ್ಚಿನ ಮೈಲಿ ದುಡ್ಡು ನಮ್ಮ ತಲೆ ಮೇಲೆ. ವೀಲ್‌ಚೇರ್ ವ್ಯಾನ್‌ಗೆ ಏನೂ ಕೊಡಲ್ಲ. ಮತ್ತೆ ನಮ್ಮ ಅಪ್ಪ ಅಮ್ಮಂದಿರಿಗೆ ಅದು ಸುಲಭಕ್ಕೆ ಸಿಗೋದೂ ಇಲ್ಲ, 65 ದಾಟಿ ಗ್ರೀನ್ ಕಾರ್ಡ್ ಮೇಲೆ ಬಂದೋರು ಐದು ವರ್ಷ ಒಂದೇ ಸಮ ಇಲ್ಲಿದ್ಮೇಲೆ ದುಡ್ಡು ಕಟ್ಟಿ ತಗೋಬಹುದು ಅಷ್ಟೆ. ಅಲ್ಲಿವರೆಗೆ ಬೇರೆ ಪಾಲಿಸಿ ಹುಡುಕ್ಕೋಬೇಕು.

ನನ್ನ ತಕರಾರು ದುಡ್ಡು ಎಷ್ಟು ಅನ್ನೋದಲ್ಲ, ಅದನ್ನ ಯಾವ ಗೂಟಕ್ಕೆ ಕಟ್ಟಿದ್ದಾರೆ ಅನ್ನೋದು. ಊರಲ್ಲಿ 65 ಆದೋರಿಗೂ ಹೊಸ ಪಾಲಿಸಿ ಸಿಗ್ಲಿ ಅಂತ 2024ರ ಏಪ್ರಿಲ್‌ನಲ್ಲಿ ವಯಸ್ಸಿನ ಮಿತಿ ತೆಗೆದ್ರು, 2025ರ ಸೆಪ್ಟೆಂಬರ್‌ನಲ್ಲಿ ಪ್ರೀಮಿಯಂ ಮೇಲಿನ ಜಿಎಸ್‌ಟಿನೂ ತೆಗೆದ್ರು, ಒಳ್ಳೇದೇ. ಆದ್ರೆ ವಯಸ್ಸಾದೋರಿಗೆ ಆಂಬುಲೆನ್ಸ್ ಬೇಕಾಗೋದು ಬಿದ್ದಾಗ, ಉಸಿರು ಕಟ್ಟಿದಾಗ, ಶುಗರ್ ಇಳಿದಾಗ. ಇದ್ರಲ್ಲಿ ಎಷ್ಟೋ ಸಲ ಡ್ರಿಪ್ ಹಾಕಿ ಸಂಜೆಗೇ ಮನೆಗೆ ಕಳಿಸ್ತಾರೆ. ಆಗ ಅಡ್ಮಿಟ್ ಆಗಿಲ್ಲ ಅಂತ ಕೈ ಎತ್ತಿದ್ರೆ ಮುಂದಿನ ಸಲ ಅವರು ಆಟೋನೇ ಹತ್ತೋದು, ಅಥವಾ ಬೆಳಗಾಗ್ಲಿ ನೋಡೋಣ ಅಂತ ಕೂತ್ಕೊಳ್ಳೋದು. ಅಪ್ಪ ಈಗಾಗಲೇ ಹಾಗೆ ಶುರು ಮಾಡಿದ್ದಾರೆ, ಎರಡು ತಿಂಗಳ ಹಿಂದೆ ರಾತ್ರಿ ಎದೆ ಹಿಡ್ಕೊಂಡಂಗೆ ಆಗಿದ್ದನ್ನ ಮಾರನೇ ದಿನ ಮಧ್ಯಾಹ್ನ ಊಟ ಆದ್ಮೇಲೆ ಹೇಳಿದ್ರಂತೆ.

ಮೊನ್ನೆ ರಿನ್ಯೂವಲ್‌ಗೆ ಅಂತ ಏಜೆಂಟ್ ತಮ್ಮಂಗೆ ಫೋನ್ ಮಾಡಿದ್ರು. ಆಂಬುಲೆನ್ಸ್ ಎರಡು ಸಾವಿರದಿಂದ ಐದು ಸಾವಿರ ಮಾಡ್ಕೊಡ್ತೀವಿ ಸರ್ ಅಂದ್ರಂತೆ. ಅಡ್ಮಿಟ್ ಆಗದಿದ್ರೂ ಕೊಡ್ತೀರಾ ಅಂತ ಕೇಳು ಅಂದೆ. ವರ್ಡಿಂಗ್ ನೋಡಿ ಹೇಳ್ತೀನಿ ಅಂದಿದ್ದಾರೆ.