ಎಲ್ಲ ಸರಿ, ಸ್ಪ್ಯಾನರ್ ಎಲ್ಲಿ?

ನಮ್ಮ ಗ್ರೈಂಡರ್ ಹೋಗಿ ಇವತ್ತಿಗೆ ನಾಲ್ಕು ದಿನ. ಅಡುಗೆಮನೆಯದಲ್ಲ, ಕಬ್ಬಿಣ ಕೊಯ್ಯುವುದು. ಹೋಯಿತು ಅಂದರೆ ಯಾರೂ ಕದಿಯಲಿಲ್ಲ. ತನ್ನ ಹೊಕ್ಕುಳಬಳ್ಳಿಯನ್ನು ತಾನೇ ಕತ್ತರಿಸಿಕೊಂಡು ಹೋಯಿತು. ಕಣ್ಣಾರೆ ಕಂಡವನು ನಾನು. ಸ್ಟೂಲಿನ ಮೇಲೆ ನಿಂತು ಕಂಡೆ.

ಮನೆ ಕಟ್ಟಿಸುತ್ತಿದ್ದೇವೆ. ದೊಡ್ಡ ಕೆಲಸವೆಲ್ಲ ಮೇಸ್ತ್ರಿಯದು. ಉಳಿಯುವ ಚಿಲ್ಲರೆ ಕೆಲಸ ನನ್ನದು ಮತ್ತು ನಮ್ಮ ಭಾವನದು. ಭಾವ ಅಂದರೆ ಅಕ್ಕನ ಗಂಡ. ಆವತ್ತು ವೈರಿಂಗ್ ಪೈಪ್ ಕೂರಿಸಲು ಗೋಡೆಯಲ್ಲಿ ಗ್ರೂವ್ ಹೊಡೆಯುತ್ತಿದ್ದೆ. ಕರೆಂಟ್ ಹೋಯಿತು. ಮೆಷಿನ್ ಕೆಳಗಿಟ್ಟೆ. ಇಡುವ ಮೊದಲು ಸ್ವಿಚ್ ಹಿಂದಕ್ಕೆ ಎಳೆಯಬೇಕಿತ್ತು. ಎಳೆಯಲಿಲ್ಲ. ಅದು ಸ್ಲೈಡ್ ಸ್ವಿಚ್, ಮುಂದಕ್ಕೆ ತಳ್ಳಿದರೆ ಕಚ್ಚಿಕೊಂಡು ಅಲ್ಲೇ ನಿಲ್ಲುತ್ತದೆ. ಕರೆಂಟ್ ಇಲ್ಲದಾಗ ಅದು ಎಚ್ಚರ ಇದೆಯೋ ಮಲಗಿದೆಯೋ ಅಂತ ಮುಖ ನೋಡಿ ಹೇಳುವುದು ಕಷ್ಟ. ನಾನು ಸ್ಟೂಲ್ ಹತ್ತಿ ಗೋಡೆಯ ಮೇಲೆ ಗೆರೆ ಎಳೆಯುತ್ತಾ ನಿಂತೆ.

ಕರೆಂಟ್ ಬಂತು.

ಮೊದಲು ಒಂದು ಕಿರುಚಾಟ. ಆಮೇಲೆ ಮೆಷಿನ್ ಹೊರಟಿತು. ನಿಜಕ್ಕೂ ಹೊರಟಿತು, ಬ್ಲೇಡನ್ನೇ ಚಕ್ರ ಮಾಡಿಕೊಂಡು. ನಿಮಿಷಕ್ಕೆ 11,000 ಸುತ್ತು ಅಂತ ಅದರ ಬೆನ್ನ ಮೇಲೆ ಬರೆದಿತ್ತು. ಆ ಅಂಕಿಯ ಅರ್ಥ ನನಗೆ ಅವತ್ತು ಆಯಿತು. ವೈರ್ ಇರುವಷ್ಟು ದೂರ ಓಡಿ, ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಅರ್ಧ ಸುತ್ತು ಹೊಡೆಯಿತು. ಸಿಮೆಂಟ್ ಚೀಲದ ಹೊಟ್ಟೆ ಸೀಳಿತು. ಬಕೆಟ್ಟನ್ನು ಒಂದು ಕೈ ನೋಡಿಕೊಂಡಿತು. ಸ್ಟೂಲಿನ ಕಾಲ ಹತ್ತಿರ ಬಿಟ್ಟಿದ್ದ ನನ್ನ ಚಪ್ಪಲಿಯ ಬಳಿ ಬಂದು ಸ್ವಲ್ಪ ಯೋಚನೆ ಮಾಡಿತು. ಆಮೇಲೆ ತನ್ನನ್ನು ಹಿಡಿದು ನಿಲ್ಲಿಸಿರುವುದು ಯಾರು ಅಂತ ಅದಕ್ಕೆ ಹೊಳೆದಿರಬೇಕು. ತಿರುಗಿ ನೇರ ತನ್ನ ವೈರಿಗೇ ಬಾಯಿ ಹಾಕಿತು. ಟಪ್ ಅಂತ ಸದ್ದು, ನೀಲಿ ಬೆಳಕು, ಕರೆಂಟ್ ಕಟ್ ಮಾಡುವ ಎಂಸಿಬಿ ಬಿತ್ತು. ಎಲ್ಲ ಕಡೆ ಸಿಮೆಂಟಿನ ಮಂಜು. ಮಧ್ಯದಲ್ಲಿ ಸ್ಟೂಲ್, ಸ್ಟೂಲಿನ ಮೇಲೆ ನಾನು, ಕೈಯಲ್ಲಿ ಪೆನ್ಸಿಲ್.

ಭಾವ ಓಡಿ ಬಂದರು. ನನ್ನನ್ನು ನೋಡಿದರು. ಮೆಷಿನ್ ನೋಡಿದರು. "ಆಫ್ ಮಾಡಿರಲಿಲ್ವಾ?" ಅಂದರು.

ಇಂಥ ಪ್ರಶ್ನೆಗೆ ಯಾವ ಭಾಷೆಯಲ್ಲೂ ಮರ್ಯಾದೆಯ ಉತ್ತರ ಇಲ್ಲ.

ರಿಪೇರಿಯವನು ಅದನ್ನು ಬಿಚ್ಚಿ, ಮೂಸಿ ನೋಡಿ ಹೇಳಿದ: "ವೈರ್ ಹಾಕೋದು ದೊಡ್ಡ ವಿಷಯ ಅಲ್ಲ ಸಾರ್. ಬೇರಿಂಗ್ ಹೋಗಿದೆ. ಗೇರ್ ಕೇಸ್ ಬಿರುಕು ಬಿಟ್ಟಿದೆ. ಕಾರ್ಬನ್ ಸವೆದು ಆರ್ಮೇಚರ್ ಕಪ್ಪಾಗಿದೆ. ಲಾಕ್ ಪಿನ್ ಮುರಿದಿದೆ. ಇದರಲ್ಲಿ ಚೆನ್ನಾಗಿರೋದು ಸ್ಟಿಕ್ಕರ್ ಒಂದೇ." ಲಾಕ್ ಪಿನ್ ಭಾವನ ಕೊಡುಗೆ. ಬ್ಲೇಡ್ ಬದಲಿಸುವಾಗ, ಅದು ಪೂರ್ತಿ ನಿಂತ ಮೇಲೆ ಒತ್ತಬೇಕಾದ ಗುಂಡಿ ಅದು. ಅವರು ಅದನ್ನು ಬ್ರೇಕ್ ಅಂದುಕೊಂಡಿದ್ದರು.

ಹೀಗೆ ಹೊಸದು ಕೊಳ್ಳುವ ಪ್ರಸಂಗ ಬಂತು. ಇದೇನು ಮಹಾ, ನಾಲ್ಕಿಂಚಿನದು ಒಂದು ತಂದರೆ ಆಯಿತು ಅಂದುಕೊಂಡಿದ್ದೆ. ಹುಡುಕಲು ಕೂತಾಗ ಗೊತ್ತಾಯಿತು, ಇದರಲ್ಲಿ ಬ್ಲೇಡಿನ ಅಗಲದ ಲೆಕ್ಕದಲ್ಲಿ 100, 115, 125, 180, 230 ಮಿ.ಮೀ. ಅಂತ ಒಂದು ದೊಡ್ಡ ಕುಟುಂಬವೇ ಇದೆ. ಹೆಸರುಗಳೂ ಒಂದೆರಡಲ್ಲ. ಸೈಟಿನಲ್ಲಿ ಎಲ್ಲರೂ 'ಕಟಿಂಗ್ ಮೆಷಿನ್' ಅನ್ನುತ್ತಾರೆ. ಜರ್ಮನಿಯಲ್ಲಿ 'ಫ್ಲೆಕ್ಸ್' ಅಂತಾರಂತೆ, 1954ರಲ್ಲಿ ಇದನ್ನು ಮೊದಲು ಮಾಡಿದ ಕಂಪನಿಯ ಹೆಸರು ಅದು. ರಷ್ಯಾದಲ್ಲಿ 'ಬಲ್ಗಾರ್ಕಾ', ಅಂದರೆ ಬಲ್ಗೇರಿಯಾದ ಹೆಂಗಸು. ಅಲ್ಲಿಗೆ ಮೊದಮೊದಲು ಈ ಮೆಷಿನ್ ಬಲ್ಗೇರಿಯಾದಿಂದ ಬಂತಂತೆ. ನಮ್ಮ ಭಾವ ಮಾತ್ರ ಇದನ್ನು 'ಅದು' ಅನ್ನುತ್ತಾರೆ. "ಅದು ಕೊಡು." ಸುತ್ತಿಗೆಯೂ ಅದೇ, ಟೇಪೂ ಅದೇ.

"ಕೊಳ್ಳೋದಾದ್ರೆ ಒಂಬತ್ತಿಂಚೇ ಕೊಳ್ಳು" ಅಂದರು ಭಾವ. ಒಂಬತ್ತಿಂಚು ಅಂದರೆ 2,000 ವ್ಯಾಟ್‌ಗೂ ಜಾಸ್ತಿ, ತೂಕ ಐದು ಕೆ.ಜಿ. ಆಸುಪಾಸು. ಕಾಂಕ್ರೀಟಿನೊಳಗೆ ಆರೂವರೆ ಸೆಂ.ಮೀ.ವರೆಗೆ ಇಳಿಯುತ್ತದೆ, ನಿಜ. ಆದರೆ ಅದನ್ನು ಎತ್ತಿ ಹಿಡಿದು ತಲೆಮಟ್ಟದಲ್ಲಿ ಗ್ರೂವ್ ಹೊಡೆಯುವವನು ನಾನು. ಬ್ಲೇಡ್ ಗೋಡೆಯಲ್ಲಿ ಸಿಕ್ಕಿಕೊಂಡು ಒಮ್ಮೆ ಒದ್ದರೆ ಮೆಷಿನ್ ಅಲ್ಲೇ ಇರುತ್ತದೆ, ನಾನು ಇರುವುದಿಲ್ಲ. ಬೇಡ ಅಂದೆ.

ಬ್ಯಾಟರಿಯದು ನೋಡಿ ಒಂದು ಸಂಜೆ ಮನಸ್ಸು ಜಾರಿತು. ವೈರೇ ಇಲ್ಲ! ಕತ್ತರಿಸಿಕೊಳ್ಳಲು ಅದಕ್ಕೆ ಏನೂ ಸಿಗುವುದಿಲ್ಲ. ಆಮೇಲೆ ಲೆಕ್ಕ ಹಾಕಿದೆ. 18 ವೋಲ್ಟ್, 4 ಆಂಪಿಯರ್ ಅವರ್ ಅಂದರೆ 72 ವ್ಯಾಟ್ ಅವರ್. 800 ವ್ಯಾಟ್‌ನಲ್ಲಿ ಜಗ್ಗಿದರೆ ಐದೂವರೆ ನಿಮಿಷ. ಅಲ್ಲೊಂದು ಇಲ್ಲೊಂದು ಸರಳು ಕೊಯ್ಯುವವರಿಗೆ ಸರಿ. ಮೂರು ಕೋಣೆಯ ಗೋಡೆ ಸೀಳುವವನು ಚಾರ್ಜರ್ ಪಕ್ಕದಲ್ಲೇ ಹಾಸಿಗೆ ಹಾಕಬೇಕಾಗುತ್ತದೆ.

ಕೊನೆಗೆ ಐದಿಂಚಿನ ಮೇಲೆ ಕಣ್ಣು ನಿಂತಿತು. ಆಗ ಭಾವ ಇನ್ನೊಂದು ಐಡಿಯಾ ತೆಗೆದರು. "ಐದಿಂಚಿಗೆ ಏಳಿಂಚಿನ ಬ್ಲೇಡ್ ಹಾಕಿದ್ರೆ ಒಂದರಲ್ಲೇ ಎರಡೂ ಆಯ್ತಲ್ಲ? ತೂತು ಒಂದೇ ಸೈಜು."

ತಮಾಷೆ ಅಂದರೆ ತೂತಿನ ವಿಷಯದಲ್ಲಿ ಅವರು ಹೇಳಿದ್ದು ಸರಿ. ನಾಲ್ಕಿಂಚಿನದು ಸಾಮಾನ್ಯವಾಗಿ 16 ಮಿ.ಮೀ. ತೂತು, ಅದರ ಮೇಲಿನವೆಲ್ಲ 22.23. ಕೂರುತ್ತದೆ. ಕೂರುತ್ತದೆ ಅನ್ನುವುದೇ ಅಪಾಯ. ಏಳಿಂಚಿನ ಬ್ಲೇಡ್ ತಡೆಯುವುದು ನಿಮಿಷಕ್ಕೆ ಸುಮಾರು 8,500 ಸುತ್ತು. ಐದಿಂಚಿನ ಮೆಷಿನ್ ಅದನ್ನು 11,000ಕ್ಕೆ ತಿರುಗಿಸುತ್ತದೆ. ಆಗ ಬ್ಲೇಡಿನ ಅಂಚು ಗಂಟೆಗೆ 370 ಕಿ.ಮೀ. ಓಡುತ್ತದೆ. ಒಡೆದರೆ ಚೂರುಗಳೂ ಅದೇ ವೇಗದಲ್ಲಿ ಹೊರಡುತ್ತವೆ, ಯಾರ ಮನೆಗೆ ಅಂತ ಕೇಳುವುದಿಲ್ಲ. ಇದನ್ನೆಲ್ಲ ವಿವರಿಸಿದೆ. "ಆಮೇಲೆ ಬ್ಲೇಡಿನ ಕವರ್ರೂ ಅಡ್ಡ ಬರುತ್ತೆ ಭಾವ" ಅಂದೆ.

"ಕವರ್ ಬಿಚ್ಚಿದ್ರೆ ಆಯ್ತು."

ಅವರಿಗೆ ಕವರ್ ಅಂದರೆ ಡಬ್ಬಿಯ ಜೊತೆ ಬರುವ ಥರ್ಮಾಕೋಲ್ ಇದ್ದ ಹಾಗೆ. ಮೊದಲ ದಿನವೇ ಬಿಚ್ಚಿ ಮೂಲೆಗೆ ಎಸೆಯುವ ವಸ್ತು. ಕನ್ನಡಕ ಹಾಕಿಕೊಳ್ಳಿ ಅಂದರೆ ಒಂದು ಕಣ್ಣು ಮುಚ್ಚಿಕೊಳ್ಳುತ್ತಾರೆ. "ಒಂದು ಹೋದ್ರೆ ಇನ್ನೊಂದು ಇರುತ್ತೆ" ಅಂತ ವಾದ. ಡಬ್ಬಿಯಲ್ಲಿದ್ದ ಹಳೇ ಕಟಿಂಗ್ ವೀಲುಗಳ, ಅಂದರೆ ಬ್ಲೇಡುಗಳ, ಮಧ್ಯದ ತೂತಿನ ಸುತ್ತ ಇರುವ ಲೋಹದ ಉಂಗುರದ ಮೇಲೆ ತಾರೀಕು ಇರುತ್ತದೆ, ಅಂಟಿನಿಂದ ಕಟ್ಟಿದ ವೀಲಿಗೆ ಮೂರು ವರ್ಷ ಅಷ್ಟೇ ಆಯಸ್ಸು ಅಂತ ತೋರಿಸಿದೆ. ಕನ್ನಡಕ ಇಲ್ಲದೆಯೇ ದಿಟ್ಟಿಸಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಕಲ್ಲಿಗೂ ಎಕ್ಸ್‌ಪೈರಿನಾ?"

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಸ್ಪ್ಯಾನರ್.

ಗ್ರೈಂಡರ್ ಇಟ್ಟುಕೊಂಡವರಿಗೆ ಹೇಳಬೇಕಾಗಿಲ್ಲ. ಎರಡು ಪುಟ್ಟ ಹಲ್ಲಿನ, ತೆಳ್ಳಗಿನ, ಚಪ್ಪಟೆ ಸ್ಪ್ಯಾನರ್. ಬ್ಲೇಡ್ ಬದಲಿಸಲು ಬೇಕಾದ್ದು ಅದೊಂದೇ. ಬೇರೆ ಯಾವ ಕೆಲಸಕ್ಕೂ ಬಾರದ್ದೂ ಅದೊಂದೇ. ಅದನ್ನು ಕದ್ದು ಯಾರಿಗೂ ಏನೂ ಆಗಬೇಕಾಗಿಲ್ಲ. ಆದರೂ ಅದು ಇರುವುದಿಲ್ಲ. ಭಾವ ಬ್ಲೇಡ್ ಬದಲಿಸುತ್ತಾರೆ, ನಟ್ ಬಿಗಿ ಮಾಡುತ್ತಾರೆ, ಎದ್ದು ನಿಲ್ಲುತ್ತಾರೆ. ಆ ಎದ್ದು ನಿಲ್ಲುವ ಎರಡು ಸೆಕೆಂಡಿನಲ್ಲಿ ಸ್ಪ್ಯಾನರ್ ಲೋಕ ಬಿಟ್ಟು ಹೋಗಿರುತ್ತದೆ. ನಾನು ಕಣ್ಣು ಮಿಟುಕಿಸದೆ ನೋಡಿದ್ದೇನೆ. ಯಾವಾಗ, ಎಲ್ಲಿಗೆ ಅಂತ ಗೊತ್ತಾಗಿಲ್ಲ.

"ಭಾವ, ಸ್ಪ್ಯಾನರ್?"

"ಅಲ್ಲೇ ಇಟ್ಟೆ."

ಈ 'ಅಲ್ಲೇ' ಎಲ್ಲಿದೆ ಅಂತ ನಾನು ಎರಡು ವರ್ಷದಿಂದ ಹುಡುಕುತ್ತಿದ್ದೇನೆ. ಇಟ್ಟಿಗೆ ರಾಶಿಯ ಹಿಂದೆ ಇಲ್ಲ. ಮರಳಿನ ಮೇಲೆ ಇಲ್ಲ. ಕಿಟಕಿಯ ಕಟ್ಟೆಯ ಮೇಲೂ ಇಲ್ಲ. ಅದೊಂದು ಊರೇ ಇರಬೇಕು. ಅಲ್ಲಿ ನಮ್ಮ ಮೂರು ಸ್ಪ್ಯಾನರ್, ಆರು ಪೆನ್ಸಿಲ್, ಒಂದು ಸೈಡ್ ಹ್ಯಾಂಡಲ್ ಮತ್ತು ಲೆವೆಲ್ ಪೈಪಿನ ಒಂದು ತುದಿ ಸುಖವಾಗಿ ಸಂಸಾರ ಮಾಡಿಕೊಂಡಿವೆ.

ಎರಡನೇ ಸ್ಪ್ಯಾನರ್ ಕಳೆದ ಮೇಲೆ ನಾನು ಬುದ್ಧಿ ಖರ್ಚು ಮಾಡಿದೆ. ಮೂರನೆಯದನ್ನು ಗಟ್ಟಿ ದಾರದಿಂದ ಮೆಷಿನ್ನಿನ ವೈರಿಗೇ ಕಟ್ಟಿದೆ, ಪ್ಲಗ್ಗಿನ ಪಕ್ಕದಲ್ಲೇ. ಸ್ಪ್ಯಾನರ್ ಬೇಕಾದರೆ ಪ್ಲಗ್ ಕಿತ್ತೇ ತರಬೇಕು, ಇದರಿಂದ ಜೀವಕ್ಕೂ ಕ್ಷೇಮ. ಇದಕ್ಕಿಂತ ಒಳ್ಳೆಯ ಐಡಿಯಾ ನನ್ನ ಜೀವನದಲ್ಲಿ ಬಂದಿಲ್ಲ. ಎರಡು ದಿನ ಇತ್ತು. ಮೂರನೇ ದಿನ ನೋಡಿದರೆ ದಾರದ ತುಂಡು ಮಾತ್ರ ನೇತಾಡುತ್ತಿದೆ. "ಅಡ್ಡ ಬರ್ತಿತ್ತು" ಅಂದರು ಭಾವ. ಕತ್ತರಿಸಿದ್ದು ಯಾವುದರಿಂದ ಅಂತ ಕೇಳಿದೆ. ಗ್ರೈಂಡರಿನಿಂದಲೇ.

ಅಲ್ಲಿಂದ ಮುಂದೆ ಉಳಿ, ಸುತ್ತಿಗೆ. ನಟ್ಟಿನ ತೂತಿಗೆ ಉಳಿ ಇಟ್ಟು ಟಣ್ ಟಣ್ ಅಂತ ಹೊಡೆದು ಬಿಚ್ಚುವುದು, ಹಾಗೇ ಹೊಡೆದು ಬಿಗಿಯುವುದು. ಬೇರಿಂಗ್ ಹೋದದ್ದು, ಕೇಸ್ ಬಿರುಕು ಬಿಟ್ಟದ್ದು ಹೇಗೆ ಅಂತ ರಿಪೇರಿಯವನು ಕೇಳಿದಾಗ ನಾನು ಬೇರೆ ಕಡೆ ನೋಡಿದೆ.

ಹೊಸದು ಬರುವವರೆಗೆ ಕೆಲಸ ನಿಲ್ಲಬಾರದು ಅಂತ ಹಳೇ ಹ್ಯಾಕ್ಸಾ ಹೊರಗೆ ತೆಗೆದೆವು. ಹತ್ತು ಮಿ.ಮೀ. ಸರಳು, ಗ್ರೈಂಡರ್ ಆದರೆ ಕೆಲವೇ ಸೆಕೆಂಡ್. ಇದರಲ್ಲಿ ಬೆವರು ಬಂತು. ಭಾವ ಸರಳಿನ ತುದಿ ಹಿಡಿದು ಕೂತರು, ನಾನು ಕೊಯ್ದೆ. ಆಮೇಲೆ ನಾನು ಹಿಡಿದೆ, ಅವರು ಕೊಯ್ದರು. ಪಾಯ ಹಾಕುವಾಗ ಹೀಗೇ ಮಾಡುತ್ತಿದ್ದೆವು, ಗ್ರೈಂಡರ್ ಬರುವ ಮೊದಲು. ಅಕ್ಕನನ್ನು ಮೊದಲ ಸಲ ನೋಡಲು ಬಂದ ದಿನದ ಕಥೆಯನ್ನು ಭಾವ ನನಗೆ ಹೇಳಿದ್ದು ಆಗಲೇ, ಸರಳಿನ ಆ ತುದಿಯಲ್ಲಿ ಕೂತು. ಗರಗಸದ ಕರಕರದ ನಡುವೆ ಮಾತು ಕೇಳಿಸುತ್ತದೆ. ಗ್ರೈಂಡರ್ ಬಂದ ಮೇಲೆ ನಮ್ಮಿಬ್ಬರ ಮಾತೆಲ್ಲ ಕೈಸನ್ನೆ, ಕಿರುಚಾಟ, ಆಮೇಲೆ ಸ್ಪ್ಯಾನರ್ ಜಗಳ. ಆವತ್ತು ಮಧ್ಯಾಹ್ನ ಅವರು ಆ ಕಥೆಯನ್ನೇ ಮತ್ತೆ ಹೇಳಿದರು. ಕೊನೆ ಸ್ವಲ್ಪ ಬದಲಾಗಿತ್ತು. ನಾನು ತಿದ್ದಲಿಲ್ಲ. ಏಳು ಸರಳು ಆಗುವಷ್ಟರಲ್ಲಿ ಇಬ್ಬರ ಭುಜವೂ ಬಿದ್ದುಹೋಯಿತು, ಸಂಜೆಯೇ ಹೋಗಿ ಮೆಷಿನ್ ತಂದೆ.

ಐದಿಂಚು, ಪ್ಯಾಡಲ್ ಸ್ವಿಚ್. ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಓಡುತ್ತದೆ, ಕೈ ಬಿಟ್ಟರೆ ಕರೆಂಟ್ ಕಟ್. ಕರೆಂಟ್ ಹೋಗಿ ಬಂದರೆ ತಾನಾಗಿ ಏಳುವುದಿಲ್ಲ, ಮತ್ತೆ ಒತ್ತಬೇಕು. ಕವರ್ ತಿರುಗಿಸಲು ಹತಾರ ಬೇಡ. ಇಷ್ಟೆಲ್ಲ ನೋಡಿ ಆರಿಸಿ ತಂದೆ. ಭಾವ ಎರಡು ಸಲ ಒತ್ತಿ ನೋಡಿದರು. "ಹಿಡ್ಕೊಂಡೇ ಇರಬೇಕಾ? ಕೈ ನೋಯುತ್ತೆ" ಅಂದರು. ಅವರ ಕಣ್ಣು ನಿಧಾನಕ್ಕೆ ಮೂಲೆಯಲ್ಲಿದ್ದ, ಸರಳು ಕಟ್ಟುವ ಬೈಂಡಿಂಗ್ ವೈರಿನ ಸುರುಳಿ ಕಡೆ ಹೋಯಿತು. ನಾನು ಸುಮ್ನೆ ಹೋಗಿ ಆ ಸುರುಳಿಯ ಮೇಲೆ ಕೂತೆ.

ಮರುದಿನದಿಂದ ಶುರುವಾಯಿತು. ಮೇಸ್ತ್ರಿ ಮರಳು ಜರಡಿ ಹಿಡಿಯುವಾಗ ಒಂದು ಸ್ಪ್ಯಾನರ್ ಸಿಕ್ಕಿತು. ಮಧ್ಯಾಹ್ನ ಅಕ್ಕನ ಫೋನ್: ವಾಷಿಂಗ್ ಮೆಷಿನ್ನಿನಲ್ಲಿ ಗಡಗಡ ಸದ್ದು ಅಂತ ಡ್ರಮ್ ತಡಕಿದರೆ ನಿಮ್ಮ ಭಾವನ ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಕಬ್ಬಿಣ ಇತ್ತು, ಏನದು? ಮೂರನೆಯದು ಮೆಟ್ಟಿಲ ತಿರುವಿನ ಕಾಂಕ್ರೀಟಿನಲ್ಲಿ ಹೂತಿದೆ. ಎರಡು ಹಲ್ಲು ಮಾತ್ರ ಮೇಲೆ ಕಾಣುತ್ತಿದೆ. ಇಷ್ಟು ದಿನ ಅದನ್ನು ಮೊಳೆ ಅಂದುಕೊಂಡು ದಾಟುತ್ತಿದ್ದೆವು.

ಸಿಕ್ಕ ಎರಡನ್ನೂ ತಂದು ಹೊಸ ನಟ್ಟಿಗೆ ಇಟ್ಟು ನೋಡಿದೆ. ಅವು ನಾಲ್ಕಿಂಚಿನವು. ಹಲ್ಲು ಕೂರಲಿಲ್ಲ.

"ಭಾವ, ಹೊಸ ಸ್ಪ್ಯಾನರ್ ಕೊಡಿ."

"ಅಲ್ಲೇ ಇಟ್ಟಿದ್ದೀನಿ ನೋಡು."